ಕುಡಿದ ಮೇಲೆ ಚಹಾನಾ, ಕಾಫಿಯಾ, ಗಂಜಿಯಾ? ಯಾವುದು ಏನು ಮಾಡುತ್ತದೆ, ಯಾವುದು ಮಾಡುವುದಿಲ್ಲ

ಕೊಡಗಿನ ಮದುವೆ ಮನೆಯಲ್ಲಿ ಊಟಕ್ಕೆ ಮೊದಲು ಗ್ಲಾಸು ಬರುವುದು ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬ ಇರಲಿ, ಸುಗ್ಗಿಯ ಪುತ್ತರಿ ಇರಲಿ, ಹಿರಿಯರ ಎದುರಿಗೇ ಕುಡಿಯುತ್ತಾರೆ, ಮುಚ್ಚುಮರೆ ಇಲ್ಲ. ಪಂದಿಕರಿ, ಕಡಂಬುಟ್ಟು ಮುಗಿಸಿ ಎಲ್ಲರೂ ಗಾಡಿಯತ್ತ ಹೊರಟಾಗ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: “ಅಣ್ಣಾ, ಒಂದು ಸ್ಟ್ರಾಂಗ್ ಕಟ್ಟನ್ ಚಾಯ ಕುಡಿದು ಹೊರಡಿ, ಎಲ್ಲ ಇಳಿಯುತ್ತೆ.” ಕಟ್ಟನ್ ಚಾಯ ಎಂದರೆ ಹಾಲಿಲ್ಲದ ಕರಿ ಚಹಾ. ಹೇಳುವವರಿಗೆ ಕಾಳಜಿ ಇರುವುದರಿಂದಲೇ ಹೇಳುತ್ತಾರೆ. ಆದರೆ ಅದನ್ನು ನಂಬಿ ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ತಿರುವುಗಳಲ್ಲೋ ಸ್ಟಿಯರಿಂಗ್ ಹಿಡಿಯುವವರನ್ನು ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಕುಡಿಯುವ ಮುಂಚೆ, ಕುಡಿದ ಮೇಲೆ, ಮರುದಿನ ಬೆಳಗ್ಗೆ ನಮ್ಮ ಕೈಗೆ ಸಿಗುವ ಪಾನೀಯಗಳಲ್ಲಿ ಯಾವುದು ದೇಹದೊಳಗೆ ಏನು ಮಾಡುತ್ತದೆ ಎಂದು ಇಲ್ಲಿ ಹೋಲಿಸಿ ನೋಡುತ್ತೇನೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ರಕ್ತದಲ್ಲಿರುವ ಮದ್ಯವನ್ನು ಬೇಗ ಇಳಿಸುವ ಶಕ್ತಿ ಚಹಾಕ್ಕಿಲ್ಲ. ಕಾಫಿಗೂ ಇಲ್ಲ, ಮಜ್ಜಿಗೆಗೂ ಇಲ್ಲ, ತಣ್ಣೀರು ಸ್ನಾನಕ್ಕೂ ಇಲ್ಲ. ಹೊಟ್ಟೆಗೆ, ನಿದ್ದೆಗೆ, ತಲೆನೋವಿಗೆ ಇವುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ವ್ಯತ್ಯಾಸ ಮಾತ್ರ ಇದೆ. ಮದ್ಯದ ಏರಿಳಿತವನ್ನು ನಿಜವಾಗಿ ಬದಲಿಸುವ ವಸ್ತು ಒಂದೇ, ಊಟ. ಅದೂ ಕುಡಿಯುವ ಮೊದಲು ಮಾಡಿದ ಊಟ.

ಲಿವರ್ ತನ್ನ ವೇಗ ಬಿಟ್ಟುಕೊಡುವುದಿಲ್ಲ

ಕುಡಿದ ಮದ್ಯದಲ್ಲಿ ಸ್ವಲ್ಪ ಪಾಲು ಹೊಟ್ಟೆಯಿಂದ, ಹೆಚ್ಚಿನ ಪಾಲು ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಹಾಗೆ ಸೇರಿದ್ದರಲ್ಲಿ ಉಸಿರು, ಬೆವರು, ಮೂತ್ರದ ಮೂಲಕ ಹಾಗೆಹಾಗೇ ಹೊರಗೆ ಹೋಗುವುದು ನೂರಕ್ಕೆ 2ರಿಂದ 10 ಪಾಲು ಮಾತ್ರ. ಉಳಿದದ್ದೆಲ್ಲ ಲಿವರ್‌ನ ಕೆಲಸ. ಅಲ್ಲಿ ಎರಡು ಹಂತ ಇದೆ. ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಮದ್ಯವನ್ನು ಅಸಿಟಾಲ್ಡಿಹೈಡ್ ಆಗಿ ಬದಲಿಸುತ್ತದೆ. ಇದು ಮದ್ಯಕ್ಕಿಂತ ವಿಷಕಾರಿ. ಮುಖ ಕೆಂಪಾಗುವುದು, ವಾಕರಿಕೆ, ಎದೆ ಹೊಡೆದುಕೊಳ್ಳುವುದು ಇದು ಹೆಚ್ಚಾದಾಗ. ಆಮೇಲೆ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಅಸಿಟೇಟ್ ಮಾಡುತ್ತದೆ. ಅಸಿಟೇಟ್‌ನಿಂದ ತೊಂದರೆ ಇಲ್ಲ, ದೇಹ ಅದನ್ನು ಸುಟ್ಟು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿಕೊಳ್ಳುತ್ತದೆ.

ಈ ಮೊದಲನೇ ಹಂತ ನಡೆಯುವುದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ತೋಟದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರಕ್ಕೆ ಎಷ್ಟೇ ಹಣ್ಣು ಸುರಿದು ರಾಶಿ ಹಾಕಿದರೂ ಅದು ಗಂಟೆಗೆ ತನ್ನ ಲೆಕ್ಕದಷ್ಟೇ ಸುಲಿಯುವ ಹಾಗೆ, ಲಿವರ್ ಕೂಡ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯವನ್ನಷ್ಟೇ ಮುಗಿಸುತ್ತದೆ. ರಕ್ತದ ಲೆಕ್ಕದಲ್ಲಿ ಹೇಳುವುದಾದರೆ 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಯುತ್ತದೆ. ಆಳಿಂದ ಆಳಿಗೆ ಇದು ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ದಿನಾ ಕುಡಿಯುವವರಲ್ಲಿ ವೇಗ ಹೆಚ್ಚಿರುವುದೂ ಉಂಟು.

ಚಹಾದಲ್ಲಿರುವ ಕೆಫೀನ್ ಈ ಸಾಲಿಗೆ ಬರುವುದೇ ಇಲ್ಲ. ಲಿವರ್‌ನಲ್ಲಿ ಅದನ್ನು ಒಡೆಯುವ ಕಿಣ್ವವೇ ಬೇರೆ, ದಾರಿಯೇ ಬೇರೆ. ಒಂದನ್ನು ಕುಡಿದು ಇನ್ನೊಂದನ್ನು ಓಡಿಸಲು ಆಗದಿರುವುದು ಇದಕ್ಕೇ. “ಚಹಾ ಕುಡಿದರೆ ಮೂತ್ರ ಚೆನ್ನಾಗಿ ಹೋಗುತ್ತೆ, ಅದರ ಜೊತೆ ಎಣ್ಣೆಯೂ ಹೋಗುತ್ತೆ” ಎನ್ನುವವರಿದ್ದಾರೆ. ಮೂತ್ರದಲ್ಲಿ ಹೋಗುವ ಪಾಲೇ ಅಷ್ಟು ಚಿಕ್ಕದಿರುವಾಗ ನಾಲ್ಕು ಸಲ ಹೆಚ್ಚು ಎದ್ದು ಹೋದರೂ ಲೆಕ್ಕ ಬದಲಾಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಮದ್ಯದ ಮೇಲೆ ಚಹಾ ಕುಡಿದರೆ ಅದರಲ್ಲಿರುವ ಥಿಯೋಫಿಲಿನ್‌ನಿಂದ ಕಿಡ್ನಿಯೇ ಹಾಳಾಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಒಂದು ಕಪ್ ಚಹಾದಲ್ಲಿ ಥಿಯೋಫಿಲಿನ್ ಇರುವುದು ಹೆಸರಿಗಷ್ಟೇ. ಆರೋಗ್ಯವಾಗಿರುವ ಕಿಡ್ನಿಗೆ ಅದರಿಂದ ಹೆದರಿಕೆ ಇಲ್ಲ.

ಮೊದಲು ಗ್ಲಾಸಿನ ಲೆಕ್ಕ

ಯಾವ ಪಾನೀಯ ಮೇಲು ಎಂದು ನೋಡುವ ಮೊದಲು ಎಷ್ಟು ಕುಡಿದಿದ್ದೇವೆ ಎಂಬುದು ಗೊತ್ತಿರಬೇಕು. ನಮ್ಮಲ್ಲಿ ಸಿಗುವ ರಮ್, ವಿಸ್ಕಿ, ಬ್ರಾಂಡಿ ಸಾಮಾನ್ಯವಾಗಿ ಶೇ. 42.8ರ ಮದ್ಯ. ಒಂದು ಸ್ಮಾಲ್, ಅಂದರೆ 30 ಮಿಲಿಲೀಟರ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯ. ಲಾರ್ಜ್ ಎಂದರೆ 20 ಗ್ರಾಂ. ಕ್ವಾರ್ಟರ್ ಮುಗಿಸಿದರೆ 60. ಶೇ. 8ರ ಸ್ಟ್ರಾಂಗ್ ಬಿಯರ್‌ನ 650 ಮಿಲಿಲೀಟರ್ ಬಾಟಲಿಯಲ್ಲಿ 41 ಗ್ರಾಂ ಇರುತ್ತದೆ. “ಬರೀ ಒಂದು ಬಿಯರ್” ಎಂದವರು ಎರಡು ಲಾರ್ಜ್ ಕುಡಿದಂತೆಯೇ. ನಮ್ಮೂರ ಮನೆ ವೈನ್‌ಗಳದ್ದು ಇನ್ನೊಂದು ಕಥೆ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ ಎಲ್ಲದರಲ್ಲೂ ಮಾಡುತ್ತಾರೆ, ರುಚಿ ಸಿಹಿ, ಗುಟುಕು ಸಲೀಸು. ಹಾಕಿದ ಸಕ್ಕರೆ, ಹುದುಗಿದ ದಿನಗಳ ಮೇಲೆ ಅದರ ಕಾವು ನಿಂತಿರುತ್ತದೆ. ಬಾಟಲಿಯ ಮೇಲೆ ಅಂಕಿ ಇಲ್ಲದ್ದನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ, ಆದ್ದರಿಂದ ಅದನ್ನು ಕುಡಿದ ದಿನ ಗಾಡಿ ಮುಟ್ಟದಿರುವುದೇ ಲೇಸು.

ಈಗ 70 ಕೆ.ಜಿ. ತೂಕದ ಒಬ್ಬರು ರಾತ್ರಿ 8ಕ್ಕೆ ಶುರು ಮಾಡಿ 11ಕ್ಕೆ ಮುಗಿಸುವಷ್ಟರಲ್ಲಿ ನಾಲ್ಕು ಲಾರ್ಜ್ ಹಾಕಿದರು ಅಂತಿಟ್ಟುಕೊಳ್ಳಿ. ಸುಮಾರು 80 ಗ್ರಾಂ ಆಯಿತು. ಅಂದಾಜು ಹಿಡಿದರೆ 11 ಗಂಟೆಗೆ 100 ಮಿಲಿಲೀಟರ್ ರಕ್ತದಲ್ಲಿ 125 ಮಿಲಿಗ್ರಾಂ ಹತ್ತಿರ ಇರುತ್ತದೆ. ಮಲಗಿ ಎದ್ದು ಬೆಳಗ್ಗೆ 5ಕ್ಕೆ ಮೈಸೂರಿಗೆ ಹೊರಟರೆ? ಆಗಲೂ 35ರ ಆಸುಪಾಸು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಒಪ್ಪುವ ಮಿತಿ 30 ಮಿಲಿಗ್ರಾಂ. ಪೂರ್ತಿ ಇಳಿಯುವುದು ಬೆಳಗ್ಗೆ ಏಳು ದಾಟಿದ ಮೇಲೆ. ನಡುವೆ ಎದ್ದು ಎರಡು ಲೋಟ ಚಹಾ ಕುಡಿದರೂ ಈ ಅಂಕಿಗಳಲ್ಲಿ ಒಂದೂ ಕದಲುವುದಿಲ್ಲ.

ಹೆಂಗಸರಲ್ಲಿ ತೂಕವೂ ದೇಹದ ನೀರಿನ ಅಂಶವೂ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಅದೇ ಗ್ಲಾಸು ಹೆಚ್ಚು ಏರುತ್ತದೆ. 55 ಕೆ.ಜಿ. ತೂಕದವರಿಗೆ ಬೇಗಬೇಗ ಕುಡಿದ ಎರಡೇ ಲಾರ್ಜ್ 130ರ ಹತ್ತಿರ ಕೊಂಡೊಯ್ಯಬಹುದು.

ಗಾಡಿ ಓಡಿಸಬೇಕಾಗಿದ್ದರೆ: ಚಹಾ ಮತ್ತು ಕಾಫಿ ಎರಡೂ ಬೇಡ

ನನಗೆ ಅತ್ಯಂತ ಮುಖ್ಯವಾದ ಭಾಗ ಇದು. ಮದ್ಯ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತುವಿನ ಕೆಲಸವನ್ನು ಹೆಚ್ಚಿಸುತ್ತದೆ, ತೂಕಡಿಕೆ ಬರುವುದರಲ್ಲಿ ಅದರ ಪಾತ್ರ ದೊಡ್ಡದು. ಕೆಫೀನ್ ಮಾಡುವುದು ಆ ಅಡಿನೋಸಿನ್‌ಗೆ ಅಡ್ಡ ನಿಲ್ಲುವುದನ್ನು. ಹಾಗಾಗಿ ತೂಕಡಿಕೆ ಹೋಗುತ್ತದೆ, ಕಣ್ಣು ಬಿಚ್ಚಿಕೊಳ್ಳುತ್ತದೆ, ಮಾತು ಸ್ಪಷ್ಟವಾದ ಹಾಗೆ ಅನಿಸುತ್ತದೆ. ಆದರೆ ದೂರ ಅಳೆಯುವ ಕಣ್ಣು, ಬ್ರೇಕಿಗೆ ಹೋಗುವ ಕಾಲು, ಓವರ್‌ಟೇಕ್ ಮಾಡಲೋ ಬೇಡವೋ ಎಂದು ತೂಗುವ ಬುದ್ಧಿ, ಇವೆಲ್ಲ ಇನ್ನೂ ಮದ್ಯದ ಹಿಡಿತದಲ್ಲೇ ಇರುತ್ತವೆ. ನಿದ್ದೆಗಣ್ಣಿನ ಕುಡುಕ “ನನ್ನಿಂದಾಗಲ್ಲ” ಎಂದು ಸೀಟಿನಲ್ಲಿ ಒರಗುತ್ತಾನೆ. ಎಚ್ಚರಗೊಂಡ ಕುಡುಕ ಕೀಲಿ ಕೇಳುತ್ತಾನೆ. ಅಪಾಯ ಹೆಚ್ಚು ಇರುವುದು ಈ ಎರಡನೆಯವನಿಂದ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರ ನವೆಂಬರ್‌ನಲ್ಲಿ ಮದ್ಯದೊಳಗೇ ಕೆಫೀನ್ ಬೆರೆಸಿ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕೊಟ್ಟಿದ್ದು ಇದೇ ಕಾರಣಕ್ಕೆ. ಎಷ್ಟು ಅಮಲೇರಿದೆ ಎಂದು ಕುಡಿದವನಿಗೇ ತಿಳಿಯದ ಹಾಗೆ ಕೆಫೀನ್ ಮರೆಮಾಡುತ್ತದೆ ಎಂಬುದು ಅವರ ಆತಂಕವಾಗಿತ್ತು. ನಮ್ಮ ಹುಡುಗರು ಎನರ್ಜಿ ಡ್ರಿಂಕ್‌ಗೆ ವೋಡ್ಕಾ ಬೆರೆಸುವಾಗ ನಡೆಯುವುದೂ ಅದೇ.

ಚಹಾ ಮತ್ತು ಕಾಫಿಯನ್ನು ಅಕ್ಕಪಕ್ಕ ಇಟ್ಟರೆ ಈ ಮರೆಮಾಚುವ ಗುಣದಲ್ಲಿ ಕಾಫಿಯೇ ಜೋರು. ಒಂದು ಕಪ್ ಕಟ್ಟನ್ ಚಾಯದಲ್ಲಿ ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಂ ಕೆಫೀನ್, ಒಂದು ಕಪ್ ಕಾಫಿಯಲ್ಲಿ 80ರಿಂದ 100. ಕೊಡಗಿನಲ್ಲಿ ಇನ್ನೂ ಒಂದು ಮಾತು ಸೇರಿಸಬೇಕು. ನಾವು ಹೆಚ್ಚು ಬೆಳೆಯುವುದು ರೊಬಸ್ಟಾ. ಅರೇಬಿಕಾ ಬೀಜಕ್ಕೆ ಹೋಲಿಸಿದರೆ ಅದರಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಮನೆಯ ತೋಟದ ಪುಡಿಯಲ್ಲಿ ಗಟ್ಟಿ ಡಿಕಾಕ್ಷನ್ ತೆಗೆದು ಬೆಲ್ಲ ಹಾಕಿ ಕೊಡುವ ಕರಿ ಕಾಫಿ ಕುಡಿದವರಿಗೆ ಅಮಲು ಪೂರ್ತಿ ಇಳಿದುಹೋಯಿತು ಅನಿಸುವುದು ಸಹಜ. ಹಾಗೆ ಅನಿಸುವುದೇ ತೊಂದರೆ. ಮಂಜು ಕವಿದ ರಾತ್ರಿಯಲ್ಲಿ, ಹತ್ತಡಿ ಮುಂದಿನದು ಕಾಣದ ಘಾಟಿಯಲ್ಲಿ, ಎಚ್ಚರವಾಗಿದ್ದೇನೆ ಎಂಬ ಧೈರ್ಯದ ಮೇಲೆ ಒಂದು ಕುಟುಂಬದ ಜೀವ ನಿಲ್ಲಬಾರದು.

ಕಾನೂನಿನ ಕಡೆಯಿಂದಲೂ ನೋಡಿ. ಉಸಿರು ಪರೀಕ್ಷೆಯ ಯಂತ್ರ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನು. ಬಾಯಿಗೆ ಚಹಾ, ಏಲಕ್ಕಿ, ಲವಂಗ ಹಾಕಿದರೆ ವಾಸನೆ ಮುಚ್ಚಬಹುದೇ ಹೊರತು ಅಂಕಿ ಮುಚ್ಚುವುದಿಲ್ಲ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ನನ್ನ ಕಣ್ಣಿಗೆ ದಂಡಕ್ಕಿಂತ ಆ ತಿರುವು ದೊಡ್ಡದು. ಕುಡಿಯದ ಒಬ್ಬರು ಓಡಿಸಲಿ, ಇಲ್ಲವಾದರೆ ಆ ಮನೆಯಲ್ಲೇ ಒಂದು ಚಾಪೆ ಕೇಳಿ. ಕೊಡಗಿನಲ್ಲಿ ಚಾಪೆ ಇಲ್ಲ ಎನ್ನುವ ಮನೆ ಇಲ್ಲ.

ಹಾಲಿನ ಚಹಾ, ಗ್ರೀನ್ ಟೀ, ಮತ್ತೆ ಪ್ರಯೋಗಾಲಯದ ಸುದ್ದಿಗಳು

ಓಡಿಸುವ ಪ್ರಶ್ನೆ ಇಲ್ಲ, ಮನೆಯಲ್ಲೇ ಇದ್ದೀರಿ, ಏನಾದರೂ ಬಿಸಿ ಬೇಕು ಅನಿಸಿದರೆ ಕಟ್ಟನ್ ಚಾಯಕ್ಕಿಂತ ಹಾಲು ಹಾಕಿದ ತೆಳು ಚಹಾ ಹೊಟ್ಟೆಗೆ ಮೇಲು. ಮದ್ಯದಿಂದ ಹೊಟ್ಟೆಯ ಒಳಪದರ ಮೊದಲೇ ಉರಿದಿರುತ್ತದೆ. ಹೆಚ್ಚು ಹೊತ್ತು ಕುದಿಸಿದ ಕಡಕ್ ಕಟ್ಟನ್ ಚಾಯದ ಒಗರು ಮತ್ತು ಕೆಫೀನ್ ಸೇರಿ ಹುಳಿತೇಗು, ಎದೆಯುರಿ ಹೆಚ್ಚಿಸಬಹುದು. ಹಾಲಿನ ಪ್ರೋಟೀನ್ ಆ ಒಗರಿನ ಸ್ವಲ್ಪ ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೂ ರಾತ್ರಿ ಹತ್ತರ ಮೇಲೆ ಎರಡನೇ ಲೋಟ ಬೇಡ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಮದ್ಯ ಹಾಕಿದ ರಾತ್ರಿಯ ನಿದ್ದೆ ಮೊದಲೇ ಹರಕು, ಮೊದಲರ್ಧ ಗೊರಕೆ, ಕೊನೆಯರ್ಧ ಹೊರಳಾಟ. ಅದರ ಮೇಲೆ ಕೆಫೀನ್ ಸೇರಿದರೆ ಬೆಳಗಿನ ಸುಸ್ತು ಇಮ್ಮಡಿ.

ಗ್ರೀನ್ ಟೀ ಬಗ್ಗೆ ಹರಡಿರುವ ಭರವಸೆಗಳಿಗೆ ಬೇರು ಪೂರ್ತಿ ಸುಳ್ಳಲ್ಲ. ಅದರಲ್ಲಿರುವ ಕ್ಯಾಟೆಚಿನ್‌ಗಳು, ಥಿಯನಿನ್ ಎಂಬ ಅಮೈನೋ ಆಮ್ಲ ಇವನ್ನು ಇಲಿಗಳಿಗೆ ಕೊಟ್ಟು ಮದ್ಯದಿಂದ ಲಿವರ್‌ಗೆ ಆಗುವ ಹಾನಿ ಕಡಿಮೆಯಾಗುತ್ತದೆಯೇ ಎಂದು ನೋಡಿದ್ದಾರೆ, ಒಳ್ಳೆಯ ಸೂಚನೆಗಳೂ ಸಿಕ್ಕಿವೆ. ಆದರೆ ಇಲಿಗೆ ಅದರ ತೂಕಕ್ಕೆ ಕೊಟ್ಟ ಪ್ರಮಾಣವನ್ನು ಮನುಷ್ಯ ಕಪ್‌ನಿಂದ ಕುಡಿದು ಮುಟ್ಟಲಾರ. 2013ರಲ್ಲಿ ಚೀನಾದ ಗುವಾಂಗ್‌ಝೌನ ಸಂಶೋಧಕರು ಗಿಡಮೂಲಿಕೆ ಕಷಾಯ, ಚಹಾ, ಸೋಡಾ ಎಲ್ಲ ಸೇರಿ 57 ಪಾನೀಯಗಳನ್ನು ಆ ಎರಡು ಕಿಣ್ವಗಳ ಜೊತೆ ಬೆರೆಸಿ ಪರೀಕ್ಷಿಸಿದರು. ಕೆಲವು ಕಿಣ್ವವನ್ನು ಚುರುಕು ಮಾಡಿದವು, ಕೆಲವು ನಿಧಾನ ಮಾಡಿದವು. ಸ್ಪ್ರೈಟ್ ಕುಡಿದರೆ ಹ್ಯಾಂಗೋವರ್ ಹೋಗುತ್ತದೆ ಎಂದು ಆಮೇಲೆ ಪತ್ರಿಕೆಗಳಲ್ಲಿ ಬಂದ ಸುದ್ದಿಯ ಮೂಲ ಅದು. ಪರೀಕ್ಷೆ ನಡೆದದ್ದು ಗಾಜಿನ ಕೊಳವೆಯಲ್ಲಿ. ಕುಡಿದ ಪಾನೀಯ ಜೀರ್ಣವಾಗಿ, ಕರುಳು ದಾಟಿ, ಲಿವರ್ ತಲುಪುವಾಗ ಅದು ಬೇರೆಯೇ ವಸ್ತುವಾಗಿರುತ್ತದೆ. ಅದನ್ನು ನಂಬಿ ಯಾವ ನಿರ್ಧಾರವನ್ನೂ ಮಾಡಬೇಡಿ.

ಗ್ರೀನ್ ಟೀ ಕಪ್‌ನಲ್ಲಿ ಕುಡಿಯಲು ಅಡ್ಡಿ ಇಲ್ಲ. ನಾನು ಕೈಮುಗಿದು ಬೇಡ ಎನ್ನುವುದು ಗ್ರೀನ್ ಟೀ ಸಾರದ ಮಾತ್ರೆಗಳನ್ನು. ತೂಕ ಇಳಿಸಲು, “ಲಿವರ್ ಡಿಟಾಕ್ಸ್” ಎಂದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಪರಿಶೀಲಿಸಿ, ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಕ್ಯಾಟೆಚಿನ್) ತೆಗೆದುಕೊಂಡರೆ ಲಿವರ್‌ಗೆ ಪೆಟ್ಟು ಬೀಳುವ ಲಕ್ಷಣ ಕಾಣಿಸಬಹುದು ಎಂದು ಹೇಳಿತು. ಮದ್ಯದ ಭಾರ ಹೊತ್ತ ಲಿವರ್‌ಗೆ ಅದರ ಹೆಸರಿನಲ್ಲೇ ಇನ್ನೊಂದು ಭಾರ ಹೊರಿಸುವುದು ಅನ್ಯಾಯ.

ನಿಂಬೆ, ಜೇನು, ಶುಂಠಿ

ಶುಂಠಿ ಚಹಾಕ್ಕೆ ನನ್ನ ಒಪ್ಪಿಗೆ ಇದೆ, ವಾಕರಿಕೆಗೆ. ಗರ್ಭಿಣಿಯರ ವಾಕರಿಕೆಗೆ ಶುಂಠಿ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಕುಡಿದ ಮರುದಿನದ ವಾಕರಿಕೆಗೂ ಹಲವರಿಗೆ ಹಿತವಾಗುತ್ತದೆ. ಮದ್ಯದ ಮಟ್ಟಕ್ಕೂ ಇದಕ್ಕೂ ಸಂಬಂಧ ಇಲ್ಲ.

ಜೇನಿನ ವಿಷಯ ಕುತೂಹಲದ್ದು. ಜೇನಿನಲ್ಲಿರುವ ಫ್ರಕ್ಟೋಸ್ ಸಕ್ಕರೆ, ಲಿವರ್ ಮದ್ಯವನ್ನು ಒಡೆಯುವ ವೇಗವನ್ನು ನಿಜವಾಗಿ ಹೆಚ್ಚಿಸಬಲ್ಲದು ಎಂದು ಹಳೆಯ ಪ್ರಯೋಗಗಳು ತೋರಿಸಿವೆ. ಆದರೆ ಅಲ್ಲಿ ಕೊಟ್ಟದ್ದು ಚಮಚದ ಲೆಕ್ಕವಲ್ಲ, ನೂರು ಗ್ರಾಂ ಆಸುಪಾಸಿನ ಫ್ರಕ್ಟೋಸ್. ಅಷ್ಟು ಹೊಟ್ಟೆಗೆ ಹೋದರೆ ನುಲಿತ, ಭೇದಿ, ಯೂರಿಕ್ ಆಮ್ಲದ ಏರಿಕೆ ಎಲ್ಲ ಬರುತ್ತದೆ. ಚಹಾಕ್ಕೆ ಬೆರೆಸುವ ಒಂದು ಚಮಚ ಕೊಡಗಿನ ಜೇನು ರುಚಿಗೆ ಒಳ್ಳೆಯದು. ಅಮಲಿಗೆ ಮದ್ದಲ್ಲ. ನಿಂಬೆ ಹಣ್ಣಿಗೂ ಅದೇ ತೀರ್ಪು.

ಮಳೆಗಾಲದ ರಮ್ ಚಹಾ

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡದೆ ಹೊಡೆಯುವಾಗ ಮಿಲಿಟರಿ ಕ್ಯಾಂಟೀನ್ ರಮ್‌ಗೆ ಬಿಸಿ ನೀರೋ ಬಿಸಿ ಚಹಾವೋ ಬೆರೆಸಿ ಕುಡಿಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಸೇನೆಯಿಂದ ನಿವೃತ್ತರಾಗಿ ಬಂದವರು ಎಷ್ಟೋ ಮಂದಿ ಇರುವ ಜಿಲ್ಲೆ ನಮ್ಮದು. ಇಲ್ಲಿ ಚಹಾ ಮತ್ತು ಮದ್ಯ ಒಂದೇ ಲೋಟದಲ್ಲಿ ಕೂಡುವುದರಿಂದ ಬೇರೆಲ್ಲಕ್ಕಿಂತ ಹೆಚ್ಚು ಗಮನ ಬೇಕು.

ಮೊದಲ ವಿಷಯ ಬಿಸಿ. ಚೀನಾದ 10 ಪ್ರದೇಶಗಳಲ್ಲಿ 30ರಿಂದ 79 ವಯಸ್ಸಿನ 4,56,155 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸುಡುಸುಡು ಚಹಾ ಕುಡಿಯುತ್ತಾ ದಿನಕ್ಕೆ 15 ಗ್ರಾಂ ಅಥವಾ ಹೆಚ್ಚು ಮದ್ಯವನ್ನೂ ಕುಡಿಯುವವರಲ್ಲಿ ಅನ್ನನಾಳದ ಕ್ಯಾನ್ಸರ್‌ನ ಅಪಾಯ, ಚಹಾ ವಾರಕ್ಕೊಮ್ಮೆಯೂ ಕುಡಿಯದ, ಮದ್ಯವೂ ಕಡಿಮೆ ಇರುವವರಿಗಿಂತ ಐದು ಪಟ್ಟು ಹೆಚ್ಚು ಕಂಡಿತು. ಮದ್ಯವೂ ಅತಿಯಾಗಿಲ್ಲ, ಸಿಗರೇಟೂ ಇಲ್ಲ ಎನ್ನುವವರಲ್ಲಿ ದಿನಾ ಚಹಾ ಕುಡಿದರೂ ಅಪಾಯ ಹೆಚ್ಚಿರಲಿಲ್ಲ. ಅಂದರೆ ತಪ್ಪು ಚಹಾದ್ದಲ್ಲ, ಜೋಡಿಯದ್ದು. 15 ಗ್ರಾಂ ಎಂದರೆ ಒಂದೂವರೆ ಸ್ಮಾಲ್ ಮಾತ್ರ ಎಂಬುದನ್ನು ನೆನಪಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿನಲ್ಲಿಟ್ಟಿದೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯವನ್ನು 2016ರಲ್ಲಿ ಬಹುಶಃ ಕಾರಕ ಎಂಬ ಗುಂಪಿಗೆ ಸೇರಿಸಿತು. ಸುಟ್ಟ ಅನ್ನನಾಳದ ಮೇಲೆ ಮದ್ಯ, ಅದರಿಂದ ಹುಟ್ಟುವ ಅಸಿಟಾಲ್ಡಿಹೈಡ್, ಮೇಲಿಂದ ಬೀಡಿ ಹೊಗೆ. ಒಲೆಯಿಂದ ಇಳಿಸಿದ ಚಹಾವನ್ನು ಐದಾರು ನಿಮಿಷ ಆರಲು ಬಿಡುವುದು ದೊಡ್ಡ ಕೆಲಸವಲ್ಲ, ದಯವಿಟ್ಟು ಬಿಡಿ.

ಎರಡನೆಯದು ಚಳಿ. ರಮ್ ಕುಡಿದಾಗ ಮೈ ಬಿಸಿಯಾದಂತೆ ತೋರುವುದು ಚರ್ಮದ ರಕ್ತನಾಳಗಳು ಅಗಲವಾಗಿ ಒಳಗಿನ ಶಾಖ ಹೊರಗೆ ಬರುವುದರಿಂದ. ದೇಹದ ಒಳಗೆ ಆಗುವುದು ನಷ್ಟ. ನೆನೆದು ಬಂದವರಿಗೆ ಮೊದಲು ಒಣ ಬಟ್ಟೆ ಕೊಡಿ, ಆಮೇಲೆ ಬರೀ ಚಹಾ ಅಥವಾ ಬಿಸಿ ಗಂಜಿ. ಚಳಿಗೆ ಈ ಎರಡೂ ರಮ್‌ಗಿಂತ ಮೇಲು.

ನಿಜವಾಗಿ ಫಲ ಕೊಡುವ ಆಯ್ಕೆ ಕುಡಿಯುವ ಮೊದಲೇ ಇದೆ

ಹೊಟ್ಟೆಯಲ್ಲಿ ಊಟ ಇದ್ದರೆ ಮದ್ಯ ಸಣ್ಣ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ರಕ್ತದಲ್ಲಿ ಅದರ ಶಿಖರ ತಗ್ಗುತ್ತದೆ. ಊಟ ಮಾಡಿದವರಲ್ಲಿ ಲಿವರ್ ಮದ್ಯ ಕಳೆಯುವ ವೇಗವೂ ಸ್ವಲ್ಪ ಹೆಚ್ಚುತ್ತದೆ. ಬೇರೆ ಯಾವ ಪಾನೀಯವೂ ಮಾಡದ ಕೆಲಸವನ್ನು ಒಂದು ತಟ್ಟೆ ಅಕ್ಕಿ ರೊಟ್ಟಿ, ಕಡಂಬುಟ್ಟು, ಮಾಂಸದ ಸಾರು ಮಾಡುತ್ತದೆ. ನಮ್ಮ ಸಮಾರಂಭಗಳಲ್ಲಿ ಕ್ರಮ ತಿರುಗುಮುರುಗಾಗಿದೆ: ಬೆಳಗ್ಗೆ ಹನ್ನೊಂದರಿಂದ ಖಾಲಿ ಹೊಟ್ಟೆಗೆ ಗ್ಲಾಸು, ಮಧ್ಯಾಹ್ನ ಎರಡು ಗಂಟೆಗೆ ಊಟ, ಮೂರಕ್ಕೆ ಚಹಾ. ಮನೆಯವರು ಬಾರ್ ತೆರೆಯುವ ಮೊದಲು ಹೊಟ್ಟೆ ತುಂಬುವಂಥ ತಿಂಡಿ, ಉಪ್ಪು ಖಾರದ ಕಡ್ಲೆಯಲ್ಲ, ರೊಟ್ಟಿ ಪಲ್ಯದಂಥದ್ದು ಬಡಿಸಿದರೆ ಕೊನೆಯ ಚಹಾದ ಮೇಲೆ ಅಷ್ಟು ಭರವಸೆ ಇಡಬೇಕಾಗುವುದಿಲ್ಲ. ಕೊಡಗಿನ ಅತ್ತೆಯಂದಿರು, ಚಿಕ್ಕಮ್ಮಂದಿರು ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಬದಲಾಗುವ ರೂಢಿ ಇದು.

ಖಾಲಿ ಹೊಟ್ಟೆಗೆ ಮೊದಲೇ ಚಹಾ ಕುಡಿದು ಕೂತರೆ ರಕ್ಷಣೆ ಸಿಗುತ್ತದೆಯೇ? ಇಲ್ಲ. ಮದ್ಯಕ್ಕೆ ಬೆರೆಸುವ ದ್ರವದಲ್ಲೂ ವ್ಯತ್ಯಾಸ ಇದೆ. ಸಕ್ಕರೆ ಇಲ್ಲದ ಡಯೆಟ್ ಕೋಲಾ ಬೆರೆಸಿದರೆ ಸಕ್ಕರೆಯ ಕೋಲಾ ಬೆರೆಸಿದಾಗಿನದಕ್ಕಿಂತ ಮದ್ಯದ ಮಟ್ಟ ಹೆಚ್ಚು ಏರುತ್ತದೆ, ಹೊಟ್ಟೆ ಬೇಗ ಖಾಲಿಯಾಗುವುದರಿಂದ. ಸಾದಾ ನೀರು ಬೆರೆಸಿ, ಎರಡು ಗ್ಲಾಸಿನ ನಡುವೆ ಒಂದು ಲೋಟ ನೀರು ಕುಡಿಯುವುದು ಎಲ್ಲಕ್ಕಿಂತ ಸರಳ ದಾರಿ.

ಮರುದಿನ ಬೆಳಗ್ಗೆ

ಹ್ಯಾಂಗೋವರ್‌ಗೆ ಔಷಧ ಇದೆಯೇ ಎಂದು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅವಲೋಕನ ನಂಬಿಕೆಗೆ ಅರ್ಹವಾದದ್ದು ಒಂದೂ ಇಲ್ಲ ಎಂದಿತು. 2022ರಲ್ಲಿ 21 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದ ಇನ್ನೊಂದು ಅವಲೋಕನವೂ ಸಾಕ್ಷ್ಯ ತೀರಾ ದುರ್ಬಲ ಎಂದೇ ಹೇಳಿತು. ಹಾಗಾಗಿ ಇಲ್ಲಿ ಉಳಿದಿರುವುದು ಗುಣ ಮಾಡುವ ಪ್ರಶ್ನೆಯಲ್ಲ, ಹಿತ ಕೊಡುವ ಪ್ರಶ್ನೆ.

ನನ್ನ ಆಯ್ಕೆಯ ಕ್ರಮ ಹೀಗೆ. ಎದ್ದ ಕೂಡಲೇ ನೀರು. ಮದ್ಯ ಮೂತ್ರ ತಡೆಹಿಡಿಯುವ ಹಾರ್ಮೋನನ್ನು ಅಡಗಿಸುವುದರಿಂದ ರಾತ್ರಿಯಿಡೀ ನೀರು ಹೋಗಿರುತ್ತದೆ. ಆಮೇಲೆ ಉಪ್ಪು ಹಾಕಿದ ಗಂಜಿ. ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ ಸಿಗುತ್ತದೆ. ಮದ್ಯ ಲಿವರ್ ಹೊಸ ಸಕ್ಕರೆ ತಯಾರಿಸುವುದನ್ನೂ ತಡೆಯುತ್ತದೆ, ಬೆಳಗಿನ ಕೈನಡುಕ, ಬೆವರಿನಲ್ಲಿ ಅದರ ಪಾಲೂ ಇರಬಹುದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ. ಅವರು ಬರೀ ಸಕ್ಕರೆ ಇಲ್ಲದ ಚಹಾ ಕುಡಿದು ತಿಂಡಿ ಬಿಡಲೇಬಾರದು. ವಾಂತಿ ಹೆಚ್ಚಿದ್ದರೆ ಓಆರ್‌ಎಸ್ ಪುಡಿ ಗಂಜಿಗಿಂತ ಮೇಲು. ಎಳನೀರು ಸಿಕ್ಕರೆ ಒಳ್ಳೆಯದು, ಮಜ್ಜಿಗೆಯೂ ಸರಿ.

ಚಹಾ ಇದೆಲ್ಲ ಆದ ಮೇಲೆ, ತಿಂಡಿಯ ಜೊತೆ. ದಿನಾ ಕುಡಿಯುವವರು ಒಂದು ದಿನ ಚಹಾ ಬಿಟ್ಟರೆ ಕೆಫೀನ್ ಇಲ್ಲದ ತಲೆನೋವೂ ಸೇರಿಕೊಳ್ಳುತ್ತದೆ, ಅದಕ್ಕೆ ಒಂದು ಲೋಟ ಸಾಕು. ತಲೆನೋವಿನ ಮಾತ್ರೆಯಲ್ಲಿ ಎಚ್ಚರ: ಪ್ಯಾರಾಸಿಟಮಾಲ್ ಒಡೆಯುವಾಗ ಹುಟ್ಟುವ ವಿಷ, ವರ್ಷಗಟ್ಟಲೆ ಕುಡಿಯುವವರ ಲಿವರ್‌ನಲ್ಲಿ ಹೆಚ್ಚು ತಯಾರಾಗುತ್ತದೆ. ಆಸ್ಪಿರಿನ್, ಐಬುಪ್ರೊಫೇನ್ ಉರಿದ ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು. ದಿನಾ ಕುಡಿಯುವವರು ಔಷಧ ಅಂಗಡಿಯಲ್ಲಿ ಆ ಮಾತು ಹೇಳಿಯೇ ಕೇಳಲಿ, ನಾಚಿಕೆ ಬೇಡ.

ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ

ಕರೆದರೂ ಅಲ್ಲಾಡಿಸಿದರೂ ಏಳದವರು, ಉಸಿರು ನಿಧಾನವಾದವರು, ಮೈ ತಣ್ಣಗಾಗಿ ತುಟಿ ನೀಲಿಯಾದವರು ಇದ್ದರೆ ಹೋಲಿಕೆಯ ಮಾತೇ ಇಲ್ಲ. ಚಹಾ, ಕಾಫಿ, ನಿಂಬೆ ನೀರು ಯಾವುದೂ ಬೇಡ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಕಂಬಳಿ ಹೊದಿಸಿ, 108ಕ್ಕೆ ಫೋನ್ ಮಾಡಿ. ಒಬ್ಬರು ಪಕ್ಕದಲ್ಲೇ ಕೂತಿರಿ. ಕೊನೆಯ ಗ್ಲಾಸಿನ ಮದ್ಯ ಇನ್ನೂ ರಕ್ತಕ್ಕೆ ಸೇರುತ್ತಲೇ ಇರುವುದರಿಂದ ಮಲಗಿದ ಮೇಲೂ ಮಟ್ಟ ಏರಬಹುದು.

ದಿನಾ ಕುಡಿಯುವವರಿಗೆ

ತೋಟಗಳಲ್ಲಿ ಕಾರ್ಮಿಕರು ಇರುವ ಲೈನ್ ಮನೆಗಳಲ್ಲಿ ಸಂಜೆ ಮದ್ಯ, ಬೆಳಗ್ಗೆ ಬರೀ ಚಹಾ, ಮಧ್ಯಾಹ್ನದವರೆಗೆ ಹೊಟ್ಟೆಗೆ ಏನೂ ಇಲ್ಲ ಎಂಬ ದಿನಚರಿ ಎಷ್ಟೋ ಮಂದಿಯದ್ದು. ತೋಟದ ಮಾಲೀಕರ ಮನೆಗಳಲ್ಲೂ ಇಲ್ಲದ್ದಲ್ಲ. ಇಲ್ಲಿ ಚಹಾ ನಿಜವಾಗಿ ಕೇಡು ಮಾಡಬಹುದು. ಮದ್ಯ ಬಿ1 ಜೀವಸತ್ವ, ಅಂದರೆ ಥಯಾಮಿನ್, ದೇಹಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ಕೂಡ ಥಯಾಮಿನ್ನನ್ನು ಕೆಡಿಸುತ್ತದೆ, ಊಟದ ಕಬ್ಬಿಣಾಂಶ ರಕ್ತಕ್ಕೆ ಹೋಗುವುದನ್ನೂ ತಡೆಯುತ್ತದೆ. ಎರಡೂ ಸೇರಿ ಊಟವೂ ಇಲ್ಲದಿದ್ದರೆ ನಡಿಗೆ ತೂರಾಡುವುದು, ಕಣ್ಣು ಎರಡೆರಡು ಕಾಣುವುದು, ನೆನಪು ತಪ್ಪುವುದು ಶುರುವಾಗಬಹುದು. ನೋಡುವವರು ಇವತ್ತೂ ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ. ಕುಡಿಯದ ಹೊತ್ತಿನಲ್ಲೂ ಹಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಥಯಾಮಿನ್ ಇಂಜೆಕ್ಷನ್ ಬೇಗ ಸಿಕ್ಕರೆ ಮೆದುಳು ಉಳಿಯುತ್ತದೆ. ಚಹಾವನ್ನು ಊಟಕ್ಕಿಂತ ಒಂದು ಗಂಟೆ ಆಚೆಗಿಡಿ, ಬೆಳಗ್ಗೆ ಚಹಾಕ್ಕೆ ಮೊದಲು ರೊಟ್ಟಿಯೋ ಮೊಟ್ಟೆಯೋ ಹೊಟ್ಟೆ ಸೇರಲಿ.

ಇಂಥವರಿಗೆ ಚಹಾಕ್ಕಿಂತ ಕಾಫಿ ಮೇಲೇ? ಕ್ಯಾಲಿಫೋರ್ನಿಯಾದಲ್ಲಿ 1,25,580 ಮಂದಿಯನ್ನು ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಕುಡಿಯುವ ಪ್ರತಿ ಕಪ್ ಕಾಫಿಗೆ ಮದ್ಯದಿಂದ ಬರುವ ಸಿರೋಸಿಸ್‌ನ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಅಪಾಯ ಶೇ. 20ರಷ್ಟು ಕಡಿಮೆ ಕಂಡಿತು. ಚಹಾ ಕುಡಿಯುವವರಲ್ಲಿ ಹಾಗೇನೂ ಕಾಣಲಿಲ್ಲ. ಕಾಫಿ ನಾಡಿನವರಿಗೆ ಕೇಳಲು ಹಿತವಾದ ಸುದ್ದಿ. ಆದರೆ ಅದು ನಂಟು ತೋರಿಸುತ್ತದೆ, ಕಾರಣ ಸಾಬೀತು ಮಾಡುವುದಿಲ್ಲ. ಕಾಫಿ ಹೆಚ್ಚಿಸಿ ಮದ್ಯ ಹಾಗೇ ಮುಂದುವರಿಸಿದರೆ ಲಿವರ್ ಉಳಿಯುತ್ತದೆ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು.

ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿ ಆ ಜಾಗಕ್ಕೆ ಚಹಾ ತರುವುದೂ ಎಚ್ಚರದ ವಿಷಯವೇ. ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಗಾಬರಿ ಬರಬಹುದು, ಗಟ್ಟಿ ಚಹಾ ಅದನ್ನು ಕೆರಳಿಸುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರುವ ಸಾಧ್ಯತೆ ಇದೆ. ಎರಡು ಮೂರನೇ ದಿನ ಇಲ್ಲದ್ದು ಕಾಣುವುದು, ಕೇಳುವುದು, ಜ್ವರ ಬಂದರೆ ಅದು ಪ್ರಾಣಕ್ಕೆ ಕುತ್ತು. ಬಿಡಬೇಕೆಂದು ಮನಸ್ಸು ಮಾಡಿದ ದಿನವೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ ವೈದ್ಯರ ಕಣ್ಣಳತೆಯಲ್ಲಿ ಬಿಡಿ. ಫೋನಿನಲ್ಲಿ ಮಾತಾಡಬೇಕೆಂದರೆ 14446, ವ್ಯಸನಮುಕ್ತಿಗೆಂದೇ ಇರುವ ಉಚಿತ ರಾಷ್ಟ್ರೀಯ ಸಹಾಯವಾಣಿ. ಮನೆಯವರೂ ಮಾಡಬಹುದು.